ತುರ್ತು: ರೊಮೇನಿಯಾದ ‘ಉಂಗುರ್ಯಾನು’ ಎಂಬ ಅಡ್ಡಹೆಸರಿಗೆ ಕನ್ನಡದಲ್ಲಿ ಏನು?

ಸು. ಕು., ಧಾರವಾಡ

ಬಲ್ಲವರಲ್ಲಿ ಒಂದು ವಿನಂತಿ. ಮಾಸಪತ್ರಿಕೆಯೊಂದಕ್ಕೆ ರೊಮೇನಿಯಾದ ಅಡ್ಡಹೆಸರುಗಳ ಮೇಲಿನ ಲೇಖನ ಕನ್ನಡಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ಪುಟ ಅಚ್ಚಿಗೆ ಹೋಗುತ್ತದೆ. ನಡುವೆ ಒಂದು ನಕ್ಷೆ ಇದೆ. ಅದರ ಕೆಳಗೆ ಒಂದೊಂದು ಹೆಸರಿನ ಮುಂದೆ ಅರ್ಥ ಬರೆಯಬೇಕು, ಇರುವ ಜಾಗ ಎರಡು ಪದದ್ದು. ಪೊಪಾ ಅಂದರೆ ಪಾದ್ರಿ, ಚೊಬಾನು ಕುರಿಗಾಹಿ, ಕ್ರೊಯಿತೊರು ದರ್ಜಿ. ಇವೆಲ್ಲ ಸಲೀಸಾಗಿ ಮುಗಿದವು. ಉಂಗುರ್ಯಾನುಗೆ ಬಂದು ನಿಂತುಬಿಟ್ಟಿದ್ದೇನೆ. ಮೂಲದಲ್ಲಿ ‘ಹಂಗೇರಿಯವ’ ಎಂದಿದೆ. ಆದರೆ ನಕ್ಷೆಯಲ್ಲಿ ಹಂಗೇರಿಯ ಗಡಿಗೆ ಹತ್ತಿದ ಪಶ್ಚಿಮದ ಜಿಲ್ಲೆಗಳಲ್ಲಿ ಬಣ್ಣ ತೆಳು, ಪೂರ್ವದ ಮೊಲ್ದೊವಾ ಸೀಮೆಯಲ್ಲಿ ಗಾಢ. ಹಾಗೇ ಬಿಟ್ಟರೆ ನಕ್ಷೆ ತಿರುಗಾಮುರುಗಾ ಅಚ್ಚಾಗಿದೆ ಅಂತ ಓದುಗರು ಫೋನ್ ಹಚ್ಚುತ್ತಾರೆ.

ಬರೆಯುವುದು ಹೇಗೆ ಅನ್ನುವುದೂ ತಿಳಿಯುತ್ತಿಲ್ಲ. ಉಂಗುರೆಯಾನು, ಉಂಗುರಿಯಾನು, ಉಂಗುರ್ಯಾನು, ಮೂರನ್ನೂ ಬರೆದು ಮೂರನ್ನೂ ಹೊಡೆದುಹಾಕಿದ್ದೇನೆ. ಹೆಂಗಸರ ಹೆಸರಿನಲ್ಲಿ ರೂಪ ಬದಲಾಗುತ್ತದೆಯೇ?

ನಾ. ರಾ., ಮೈಸೂರು

ಮೊದಲು ವಿಷಯದ ಸಾಲು ತಿದ್ದಿ. ಅಡ್ಡಹೆಸರು ಎಂದರೆ ಹುಡುಗರು ಮೇಷ್ಟರಿಗೆ ಇಡುವಂಥದ್ದು. ನಿಮಗೆ ಬೇಕಾದದ್ದು ಮನೆತನದ ಹೆಸರು. ಇನ್ನು ‘ದರ್ಜಿ’ ಪಾರಸಿ, ‘ಪಾದ್ರಿ’ ಪೋರ್ಚುಗೀಸ್. ಮೂರು ಹೆಸರಿಗೆ ಅರ್ಥ ಬರೆಯುವುದರಲ್ಲಿ ಎರಡು ಸಾಲ. ಸಿಂಪಿಗ ಎಂಬ ಪದ ಸತ್ತಿದೆಯೇ?

ಸು. ಕು., ಧಾರವಾಡ

ಸರ, ನಮ್ಮ ಕಡೆ ಸಾಲಿ ರಿಜಿಸ್ಟರಿನಾಗೂ ಅಡ್ಡಹೆಸರು ಅಂತನ ಬರೀತಾರ. ಬದಲಿಸೂದಿಲ್ಲ. ಸಿಂಪಿಗ ಹಾಕ್ತೀನಿ. ಪಾದ್ರಿಯನ್ನ ಬಿಟ್ಟುಬಿಡ್ರಿ. ಉಂಗುರ್ಯಾನು?

ಗಂ. ಹ., ತುಮಕೂರು

ಉತ್ತರ ಪ್ರಶ್ನೆಯೊಳಗೇ ಕೂತಿದೆ. ಉಂಗುರ! ಅಕ್ಕಸಾಲಿಗರ ಹೆಸರು ಇದು. ಲ್ಯಾಟಿನ್‌ನಲ್ಲಿ ಉಗುರಿಗೆ ‘ಉಂಗ್ವಿಸ್’, ರೊಮೇನಿಯನ್‌ನಲ್ಲಿ ‘ಉಂಗಿಯೆ’. ಉಗುರು, ಉಂಗುರ, ಉಂಗ್ವಿಸ್. ಬೆರಳ ತುದಿಯಲ್ಲಿ ಉಗುರು, ಬುಡದಲ್ಲಿ ಉಂಗುರ. ದ್ರಾವಿಡ ಮತ್ತು ಲ್ಯಾಟಿನ್ ಸಂಬಂಧದ ಬಗ್ಗೆ ಹಿಂದೆಯೂ ಇಲ್ಲಿ ಬರೆದಿದ್ದೆ, ಯಾರೂ ಉತ್ತರಿಸಲಿಲ್ಲ.

ವಿ. ಶೆ., ಉಡುಪಿ

ಉತ್ತರಿಸದಿರುವುದೂ ಒಂದು ಉತ್ತರವೇ ಮಾರಾಯ್ರೆ. ಉಗುರಿಗೆ ತಮಿಳಿನ ‘ಉಗಿರ್’ ಒಡಹುಟ್ಟು, ಅದರ ಮನೆ ಇಲ್ಲಿಯೇ ಇದೆ. ಲ್ಯಾಟಿನ್‌ಗೆ ಹೋಗಬೇಕಾಗಿಲ್ಲ.

ಪ್ರ. ಹೆ., ಸದ್ಯ ಬುಖಾರೆಸ್ಟ್

ಕೆಲಸದ ಮೇಲೆ ಇಲ್ಲಿರುವುದರಿಂದ ಈ ಹೆಸರು ದಿನಾ ಕಿವಿಗೆ ಬೀಳುತ್ತದೆ. ಉಂಗುರ್ಯಾನು ಎಂದೇ ಬರೆಯಿರಿ. ಒತ್ತು ‘ರ್ಯಾ’ ಮೇಲೆ, ಕೊನೆಯ ಉಕಾರ ಪೂರ್ತಿ ಕೇಳಿಸುತ್ತದೆ. ಹೆಂಗಸರಿಗೂ ಇದೇ ರೂಪ. ರಷ್ಯನ್ನರ ಇವಾನೊವ್, ಇವಾನೊವಾ ಥರದ ಭೇದ ಇಲ್ಲಿಲ್ಲ.

‘ಹಂಗೇರಿಯವ’ ಬೇಡವೇ ಬೇಡ. ಹಂಗೇರಿಯನ್ ಜನಾಂಗದವನಿಗೆ ಇಲ್ಲಿ ‘ಉಂಗುರ್’ ಅನ್ನುತ್ತಾರೆ. ಉಂಗುರ್ಯಾನ್ ಅಂದರೆ ‘ಹಂಗೇರಿ ನಾಡಿ’ನಿಂದ ಬಂದವನು. ಆ ನಾಡು ಯಾವುದು ಅನ್ನುವುದರಲ್ಲಿದೆ ಗಂಟು. ಕಾರ್ಪಾಥಿಯನ್ ಬೆಟ್ಟಸಾಲಿನ ಈಚೆ ವಲಾಕಿಯಾ ಮತ್ತು ಮೊಲ್ದೊವಾ ಎಂಬ ಎರಡು ರೊಮೇನಿಯನ್ ಸಂಸ್ಥಾನಗಳು, ಆಚೆ ಟ್ರಾನ್ಸಿಲ್ವೇನಿಯಾ. ಅದು ಹಿಂದೆ ಹಂಗೇರಿಯ ಕಿರೀಟಕ್ಕೆ ಸೇರಿದ್ದು, ಹಾಗಾಗಿ ಈಚೆಯವರ ಬಾಯಲ್ಲಿ ‘ಹಂಗೇರಿ ನಾಡು’. ಅಲ್ಲಿಂದ ಕಣಿವೆ ದಾಟಿ ಬಂದವರಲ್ಲಿ ಬಹುಪಾಲು ಜನ ಮನೆಯಲ್ಲಿ ರೊಮೇನಿಯನ್ನೇ ಆಡುವ ಕುರಿಗಾಹಿಗಳು, ರೈತರು. ಭಾಷೆ ಒಂದೇ, ದೇವರು ಒಂದೇ, ಆದರೂ ಊರವರಿಗೆ ಅವರು ‘ಉಂಗುರ್ಯಾನ್’.

18ನೇ ಶತಮಾನದಲ್ಲಿ ಈ ವಲಸೆ ಜೋರಾಯಿತು. ಟ್ರಾನ್ಸಿಲ್ವೇನಿಯಾ ಆಗ ಹ್ಯಾಬ್ಸ್‌ಬರ್ಗ್ ಅರಸರ ಕೈಗೆ ಬಂದಿತ್ತು. ಜಮೀನ್ದಾರರ ಹೊಲದಲ್ಲಿ ಬಿಟ್ಟಿ ದುಡಿಮೆ, ಆರ್ಥೊಡಾಕ್ಸ್ ಪಂಥ ಬಿಟ್ಟು ರೋಮಿನ ಪೋಪನನ್ನು ಒಪ್ಪುವ ಚರ್ಚಿಗೆ ಸೇರಿ ಎಂಬ ಒತ್ತಡ. 1761ರಲ್ಲಿ ಬುಕೋವ್ ಎಂಬ ಸೇನಾಪತಿ ಆರ್ಥೊಡಾಕ್ಸ್ ಮಠಗಳನ್ನು ತೋಪು ಹಚ್ಚಿ ಕೆಡವಿಸಿದ. ಅದರ ಬೆನ್ನಿಗೇ ಗಡಿ ಕಾವಲು ಪಡೆಗೆ ಭರ್ತಿ. ಜನ ಕುರಿ ಹೊಡೆದುಕೊಂಡು ಬೆಟ್ಟ ದಾಟಿದರು. ಕುರಿಗಾಹಿಗಳಿಗೆ ಆ ದಾರಿ ಹೊಸದೂ ಅಲ್ಲ. ಟ್ರಾನ್ಸಿಲ್ವೇನಿಯಾದ ಸಿಬಿಯು ಕಡೆಯವರು ಚಳಿಗಾಲಕ್ಕೆ ಮಂದೆಯನ್ನು ಡ್ಯಾನ್ಯೂಬ್ ಬಯಲಿಗೆ ಇಳಿಸುತ್ತಿದ್ದದ್ದು ತಲೆತಲಾಂತರದ ಪದ್ಧತಿ.

ಇದಕ್ಕೆ ಸಾಕ್ಷಿ ಊರ ಹೆಸರಿನಲ್ಲೇ ಇದೆ. ಪ್ರಹೊವಾ ಜಿಲ್ಲೆಯಲ್ಲಿ, ಬ್ರಶೋವಿಗೆ ಹತ್ತುವ ದಾರಿಯಲ್ಲಿ ಮನೆಚು ಅಂತ ಊರು. ಅದು ಎರಡು: ಮನೆಚು-ಉಂಗುರೆನ್, ಮನೆಚು-ಪಮಂತೆನ್. ‘ಪಮಂತ್’ ಅಂದರೆ ಮಣ್ಣು. ಒಂದು ಬೆಟ್ಟದಾಚೆಯಿಂದ ಬಂದವರ ಮನೆಚು, ಇನ್ನೊಂದು ಮಣ್ಣಿನ ಮಕ್ಕಳ ಮನೆಚು. ಎದುರುಬದುರು ನಿಂತ ಈ ಜೋಡಿ ಹೆಸರು ನೋಡಿದರೆ ಆ ಕಾಲದ ಜಗಳಗಳೂ ಅರ್ಧ ಕೇಳಿಸುತ್ತವೆ.

ಈಗ ನಿಮ್ಮ ನಕ್ಷೆಗೆ ಬನ್ನಿ. ತಿರುಗಾಮುರುಗಾ ಏನೂ ಆಗಿಲ್ಲ. ಹೆಸರು ಇಡುವುದು ಬಿಟ್ಟು ಬಂದ ಊರಲ್ಲ, ಸೇರಿಕೊಂಡ ಊರು. ಎಲ್ಲರೂ ಬೆಟ್ಟದಾಚೆಯವರೇ ಆಗಿರುವಲ್ಲಿ ಯಾರನ್ನೂ ಹಾಗೆ ಕರೆಯುವ ಅಗತ್ಯವಿಲ್ಲ. ಹಾಗಾಗಿಯೇ ಮೊಲ್ದೊವಾನ್ ಎಂಬ ಹೆಸರು ದಟ್ಟವಾಗಿರುವುದು ಟ್ರಾನ್ಸಿಲ್ವೇನಿಯಾದಲ್ಲಿ. ಆರ್ದ್ಯಾಲ್ ಎಂಬುದು ಟ್ರಾನ್ಸಿಲ್ವೇನಿಯಾಕ್ಕೆ ಇನ್ನೊಂದು ಹೆಸರು, ಆದರೆ ಆರ್ದೆಲ್ಯಾನ್ ಎಂಬುವರನ್ನು ಹುಡುಕಬೇಕಾದದ್ದು ಅದರ ಪಶ್ಚಿಮಕ್ಕೆ, ಅರಾದ್, ಬಿಹೊರ್ ಕಡೆ.

ಈ ಕರೆಯುವ ಹೆಸರು ಕಾಗದಕ್ಕೆ ಗಟ್ಟಿಯಾಗಿ ಅಂಟಿದ್ದು ತಡವಾಗಿ. ಹಳೆಯ ವಲಾಕಿಯಾದ ದಫ್ತರಗಳಲ್ಲಿ ‘ಇಯೊನ್ ಸಿನ್ ಗಿಯೊರ್ಗೆ’ ಅಂತ ಇರುತ್ತದೆ, ಗಿಯೊರ್ಗೆಯ ಮಗ ಇಯೊನ್. ‘ಸಿನ್’ ಸ್ಲಾವಿಕ್ ಪದ. ಮಗನ ಕಾಲಕ್ಕೆ ಅದೇ ಜಾಗದಲ್ಲಿ ಇಯೊನ್ ಬರುತ್ತಾನೆ, ಹೆಸರು ಮನೆತನಕ್ಕೆ ನಿಲ್ಲುವುದಿಲ್ಲ. ಮನೆತನದ ಹೆಸರನ್ನು ನಿಗದಿ ಮಾಡಿದ ಕಾಯ್ದೆ ಬಂದದ್ದು 1895ರಲ್ಲಿ. ಅಷ್ಟರಲ್ಲಿ ಬಂದವನು ಅಜ್ಜನ ಅಜ್ಜ ಆಗಿದ್ದರೂ, ಊರವರ ನಾಲಗೆಯಲ್ಲಿದ್ದ ‘ಉಂಗುರ್ಯಾನು’ ಮೊಮ್ಮಕ್ಕಳಿಗೆಲ್ಲ ಖಾಯಂ ಆಯಿತು.

ವಿ. ಶೆ., ಉಡುಪಿ

ಇದು ನಮಗೆ ಗುರುತಿನದ್ದೇ. ಕರಾವಳಿಯಲ್ಲಿ ‘ಘಟ್ಟದವ’ ಅನ್ನುತ್ತೇವೆ, ಘಟ್ಟದ ಮೇಲೆ ಯಾರೂ ತನ್ನನ್ನು ಘಟ್ಟದವ ಅಂದುಕೊಳ್ಳುವುದಿಲ್ಲ. ನೀಲಗಿರಿಯ ಬಡಗರೂ ಹಾಗೆಯೇ. ಬಡಗ ಅಂದರೆ ಉತ್ತರ. ಮೈಸೂರು ಸೀಮೆಯಿಂದ ಹೋದವರು ಅಲ್ಲಿಯವರಿಗೆ ಬಡಗಣದವರು, ಮೈಸೂರಿನವರಿಗಲ್ಲ. ನೀವು ‘ಘಟ್ಟದಾಚೆಯವ’ ಹಾಕಿ, ಮುಗಿಯಿತು.

ನಾ. ರಾ., ಮೈಸೂರು

ಘಟ್ಟ ಸಂಸ್ಕೃತದ ಘಟ್ಟ. ‘ಮಲೆಯಾಚಿಗ’ ಎನ್ನಬಹುದು.

ವಿ. ಶೆ., ಉಡುಪಿ

ಮಲೆಯಾಚಿಗ ಎಂಬವನನ್ನು ಈ ಭೂಮಿಯ ಮೇಲೆ ಯಾರೂ ನೋಡಿಲ್ಲ, ಕರೆದದ್ದೂ ಇಲ್ಲ. ನಕ್ಷೆ ಓದುವವರು ಇದೇನು ಪ್ರಾಣಿ ಅಂತ ಕೇಳಿಯಾರು.

ಲ. ದೇ., ಶಿವಮೊಗ್ಗ

ಬುಖಾರೆಸ್ಟಿನವರ ಮಾತು ಸರಿ, ಆದರೆ ಒಂದು ಅಪವಾದ ಸೇರಿಸಬೇಕು. 1764ರ ಜನವರಿಯಲ್ಲಿ ಗಡಿ ಪಡೆಗೆ ಭರ್ತಿಯಾಗಲು ಒಪ್ಪದ, ಟ್ರಾನ್ಸಿಲ್ವೇನಿಯಾದ ಸೆಕೆಯ್ ಜನರನ್ನು ಹ್ಯಾಬ್ಸ್‌ಬರ್ಗ್ ಸೈನ್ಯ ಮಾದೇಫಲ್ವಾ ಎಂಬಲ್ಲಿ ಕೊಂದಿತು. ಉಳಿದವರು ಮೊಲ್ದೊವಾಕ್ಕೆ ಓಡಿದರು. ಅವರು ಹಂಗೇರಿಯನ್ ಮಾತಾಡುವವರೇ. ಬರಬರುತ್ತಾ ರೊಮೇನಿಯನ್ನಿಗೆ ಹೊರಳಿದ ಅಂಥ ಮನೆಗಳಲ್ಲೂ ಈ ಹೆಸರು ಉಳಿದಿರಬಹುದು. ‘ರೊಮೇನಿಯನ್’ ಅಥವಾ ‘ಹಂಗೇರಿಯನ್’ ಅಂತ ಜನಾಂಗ ಹೇಳುವ ಪದವನ್ನೇ ಬಳಸದಿದ್ದರೆ ಒಳ್ಳೆಯದು. ದಿಕ್ಕನ್ನಷ್ಟೇ ಹೇಳಿ.

ಸು. ಕು., ಧಾರವಾಡ

ಹಾಗಾದರೆ ‘ಬೆಟ್ಟದಾಚೆಯವ’. ಪುಟ ಕಳಿಸಿಬಿಟ್ಟೆ. ಘಟ್ಟ ಅಂದರೆ ನಮ್ಮ ಓದುಗರಿಗೆ ಸಹ್ಯಾದ್ರಿಯೇ ಕಣ್ಣಿಗೆ ಬರುತ್ತದೆ, ಅದಕ್ಕೆ ಬಿಟ್ಟೆ. ಎಲ್ಲರಿಗೂ ಧನ್ಯವಾದ. ಹೆಗಡೆಯವರೇ, ಈಗಿನ ಹಂಚಿಕೆ ಬೇರೆ ಇದೆಯೇ? ಲೇಖನದ ಕೊನೆಯ ಪ್ಯಾರಾ ಒಂದೇ ಸಾಲಿನಲ್ಲಿ ಮುಗಿಸಿದೆ.

ಪ್ರ. ಹೆ., ಸದ್ಯ ಬುಖಾರೆಸ್ಟ್

ಬೇರೆಯಾಗುತ್ತಲೇ ಇದೆ. ಕಮ್ಯುನಿಸ್ಟ್ ಕಾಲದಲ್ಲಿ ಕಾರ್ಖಾನೆ, ಗಣಿ ಎದ್ದ ಕಡೆಗೆಲ್ಲ ಮೊಲ್ದೊವಾ ಸೀಮೆಯಿಂದ ಜನ ಹೋದರು. ಬ್ರಶೋವ್, ಟಿಮಿಶ್ವಾರಾ, ಝಿಯು ಕಣಿವೆಯ ಕಲ್ಲಿದ್ದಲು ಗಣಿಗಳು, ಕಾನ್ಸ್ಟಾಂಟ್ಸಾ ಬಂದರು. ತಮಾಷೆ ಏನೆಂದರೆ ಬ್ರಶೋವ್ ಇರುವುದು ಟ್ರಾನ್ಸಿಲ್ವೇನಿಯಾದಲ್ಲೇ. ‘ಬೆಟ್ಟದಾಚೆಯವ’ ಬೆಟ್ಟ ದಾಟಿ ಮರಳಿ ಆಚೆಗೇ ಹೋದ, ಹೆಸರು ಮಾತ್ರ ಬಿಡಲಿಲ್ಲ.

ಪೂರ್ವದ ಗಡಿಯ ಪ್ರೂತ್ ನದಿಯ ಆಚೆ ಇನ್ನೊಂದು ಕಥೆ. ಈಗಿನ ಮೊಲ್ದೊವಾ ಗಣರಾಜ್ಯದ ಬಹುಭಾಗ 1812ರಲ್ಲಿ ರಷ್ಯಾಕ್ಕೆ, 1940ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಯಿತು. ಹೆಸರುಗಳು ರಷ್ಯನ್ ಲಿಪಿಗೆ ಇಳಿದವು. 1949ರ ಜುಲೈಯಲ್ಲಿ ಸಾವಿರಾರು ಕುಟುಂಬಗಳನ್ನು ರೈಲಿಗೆ ತುಂಬಿ ಸೈಬೀರಿಯಾ, ಕಝಾಕ್‌ಸ್ತಾನದ ಕಡೆಗೆ ಸಾಗಿಸಿದರು. ಲ್ಯಾಟಿನ್ ಲಿಪಿ ಮರಳಿದ್ದು 1989ರಲ್ಲಿ. ಉಕ್ರೇನಿನ ಚೆರ್ನಿವ್ತ್ಸಿ ಕಡೆ ಉಕಾರ ಬಿದ್ದುಹೋಗಿ ‘ಉಂಗುರ್ಯಾನ್’ ಆಗಿದೆ. ಒಂದೇ ಹೆಸರು, ಮೂರು ದೇಶದ ಪಾಸ್‌ಪೋರ್ಟ್.

2007ರಲ್ಲಿ ರೊಮೇನಿಯಾ ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ಇಟಲಿ, ಸ್ಪೇನ್ ಕಡೆಗೆ ಹೊರಟ ಸಾಲು ಇನ್ನೂ ನಿಂತಿಲ್ಲ. ಇಟಲಿಯಲ್ಲಿರುವ ವಿದೇಶೀಯರಲ್ಲಿ ರೊಮೇನಿಯನ್ನರೇ ಎಲ್ಲರಿಗಿಂತ ಹೆಚ್ಚು. ಸ್ಪೇನಿನ ಪೌರತ್ವ ಸಿಕ್ಕರೆ ಸಾಮಾನ್ಯವಾಗಿ ಎರಡು ಮನೆತನದ ಹೆಸರು ಬೇಕು, ತಾಯಿಯ ಕಡೆಯದನ್ನೂ ಸೇರಿಸಬೇಕು.

ನಾ. ರಾ., ಮೈಸೂರು

ಇಷ್ಟೆಲ್ಲ ಕೊಚ್ಚಿಹೋದರೂ ರೊಮೇನಿಯನ್ನರು ತಮ್ಮ ಲ್ಯಾಟಿನ್ ಕಾಪಾಡಿಕೊಂಡರು ಎಂಬುದನ್ನು ಗಮನಿಸಿ. ಸುತ್ತ ಸ್ಲಾವರು, ಮೇಲೆ ತುರ್ಕರು, ಆದರೂ ಅಪ್ಪಟ ಹೆಸರುಗಳು. ಎಮಿನೆಸ್ಕು ಎಂಬ ಅವರ ಮಹಾಕವಿಯ ಹೆಸರಿನಲ್ಲೇ ಅದು ಕೇಳಿಸುತ್ತದೆ. ನಾವೋ, ದರ್ಜಿ ಎನ್ನುತ್ತೇವೆ.

ಪ್ರ. ಹೆ., ಸದ್ಯ ಬುಖಾರೆಸ್ಟ್

ಮೇಷ್ಟರೇ, ಆ ಕವಿ ಹುಟ್ಟಿದ್ದು ಮೊಲ್ದೊವಾದಲ್ಲಿ, ಎಮಿನೊವಿಚ್ ಆಗಿ. 1866ರಲ್ಲಿ ಪೆಸ್ಟ್ ನಗರದ ಒಂದು ರೊಮೇನಿಯನ್ ಪತ್ರಿಕೆಗೆ ಪದ್ಯ ಕಳಿಸಿದಾಗ ಸಂಪಾದಕ ಇಯೊಸಿಫ್ ವುಲ್ಕಾನ್ ಸ್ಲಾವಿಕ್ ಬಾಲ ಕತ್ತರಿಸಿ ‘ಎಸ್ಕು’ ಅಂಟಿಸಿದರು. ಅದೇ ನಿಂತಿತು. ಅಪ್ಪಟ ಅನ್ನುವುದು ಆ ಶತಮಾನದಲ್ಲಿ ಹೀಗೆ ಸಂಪಾದಕರ ಮೇಜಿನ ಮೇಲೂ ತಯಾರಾಗುತ್ತಿತ್ತು.

ನಮ್ಮ ಉಂಗುರ್ಯಾನುವನ್ನೇ ಬಿಡಿಸಿ ನೋಡಿ. ‘ಉಂಗುರ್’ ತುರ್ಕಿಕ್ ಬುಡಕಟ್ಟಿನ ‘ಒನೊಗುರ್’ ಎಂಬ ಹೆಸರಿನಿಂದ ಸ್ಲಾವರ ಮೂಲಕ ಬಂದದ್ದು ಅನ್ನುವುದು ಹೆಚ್ಚಿನವರು ಒಪ್ಪುವ ಮಾತು. ‘ಯಾನ್’ ಸ್ಲಾವಿಕ್ ಪ್ರತ್ಯಯ. ಲ್ಯಾಟಿನ್ನಿನ ಪಾಲಿಗೆ ಉಳಿದದ್ದು ಕೊನೆಯ ‘ಉ’ ಒಂದೇ, ‘ಉಲ್’ ಎಂಬ ನಿರ್ದೇಶಕದಿಂದ ಲಕಾರ ಬಿದ್ದುಹೋದ ಮೇಲೆ ಮಿಕ್ಕದ್ದು. ನಿಮ್ಮ ಸಿಂಪಿಗನ ಕ್ರೊಯಿತೊರು ಕೂಡ ಸ್ಲಾವಿಕ್ ಧಾತುವಿಗೆ ಲ್ಯಾಟಿನ್ ಪ್ರತ್ಯಯ ಹೊಲಿದದ್ದು.

ಕುರಿಗಾಹಿಗೆ ಇಲ್ಲಿ ಎರಡು ಪದ ಇವೆ. ದಕ್ಷಿಣ ಮತ್ತು ಪೂರ್ವದಲ್ಲಿ ‘ಚೊಬಾನ್’, ತುರ್ಕಿಯಿಂದ ಬಂದದ್ದು, ಅದರ ಬೇರು ಪಾರಸಿ. ವಾಯವ್ಯದಲ್ಲಿ ‘ಪಕುರಾರ್’, ಲ್ಯಾಟಿನ್ನಿನದು. ಮನೆತನದ ಹೆಸರುಗಳೂ ಸುಮಾರಾಗಿ ಅದೇ ಗೆರೆಯಲ್ಲಿ ಒಡೆಯುತ್ತವೆ. ಎರಡೂ ಕಡೆಯ ಕುರಿ ಒಂದೇ ಹುಲ್ಲು ಮೇಯುತ್ತವೆ.

ನಾ. ರಾ., ಮೈಸೂರು

ಹಾಗಿದ್ದಲ್ಲಿ ಅವರು ಪಕುರಾರ್ ಒಂದನ್ನೇ ಉಳಿಸಿಕೊಳ್ಳಬೇಕಿತ್ತು.

ಪ್ರ. ಹೆ., ಸದ್ಯ ಬುಖಾರೆಸ್ಟ್

ಪ್ರಯತ್ನ ಆಗಿದೆ. 1870ರ ದಶಕದಲ್ಲಿ ಇಲ್ಲಿನ ವಿದ್ವತ್ ಸಂಘ ಲಾವ್ರಿಯಾನ್ ಮತ್ತು ಮಾಸಿಮ್ ಎಂಬಿಬ್ಬರಿಂದ ನಿಘಂಟು ಬರೆಯಿಸಿತು. ಅವರು ಲ್ಯಾಟಿನ್ ಮೂಲದ ಪದಗಳನ್ನು ನಿಘಂಟಿನಲ್ಲಿಟ್ಟು, ಮೂಲ ಪರಕೀಯ ಅಥವಾ ಸಂಶಯಾಸ್ಪದ ಅನ್ನಿಸಿದ ಸ್ಲಾವಿಕ್, ತುರ್ಕಿ, ಗ್ರೀಕ್, ಹಂಗೇರಿಯನ್ ಪದಗಳನ್ನೆಲ್ಲ ಬೇರೆ ಪಟ್ಟಿಗೆ ತಳ್ಳಿದರು. ಬಿಟ್ಟ ಜಾಗಕ್ಕೆ ಲ್ಯಾಟಿನ್ನಿನಿಂದ ಹೊಸ ಪದ ಕಟ್ಟಿದರು. ಜನ ನಕ್ಕರು, ನಿಘಂಟು ಮೂಲೆ ಸೇರಿತು.

ಗಂ. ಹ., ತುಮಕೂರು

ಒನೊಗುರ್ ಅಂತೆ. ‘ಒನೊ’ ಅಂದರೆ ನಮ್ಮ ‘ಒಂದು’ ಅಲ್ಲವೇ? ಒಂದು ಊರು, ಒನ್‌ಊರ್, ಒನೊಗುರ್.

ಲ. ದೇ., ಶಿವಮೊಗ್ಗ

ತುರ್ಕಿಕ್‌ನಲ್ಲಿ ‘ಒನ್’ ಅಂದರೆ ಹತ್ತು.

ಗಂ. ಹ., ತುಮಕೂರು

ಒಂಬತ್ತು ಬಿಟ್ಟುಹೋಗಿರಬಹುದು.

ನಿರ್ವಾಹಕರು

ಪ್ರಶ್ನೆ ಕೇಳಿದವರಿಗೆ ಪದ ಸಿಕ್ಕಿ ಪುಟವೂ ಹೋಗಿಯಾಗಿದೆ. ಪಾರಸಿ ಪದಗಳ ಜಗಳ ಮುಂದುವರಿಸುವವರು ಬೇರೆ ವಿಷಯದ ಸಾಲು ಹಾಕಿ ಬರೆಯಿರಿ. ಅಡ್ಡಹೆಸರು ಅಂದರೆ ಏನು ಅನ್ನುವುದಕ್ಕೆ ಹೊಸ ಎಳೆ ಬೇಡ.