ಸರ್ವರಿನ ಸಿ ಡ್ರೈವ್ ತುಂಬಿದೆ, ಅನುಭವ ಇದ್ದವರು ಹೇಳಿ

ದಲಾಲಿ ಅಂಗಡಿ, ದಾವಣಗೆರೆ ಎಪಿಎಂಸಿ
ನಮ್ಮದು ವಿಂಡೋಸ್ ಸರ್ವರ್ 2012 ಆರ್2. ಸಿ ಡ್ರೈವ್ 60 ಜಿಬಿ, ಉಳಿದಿರೋದು 900 ಎಂಬಿ. ಡಿ ಯಲ್ಲಿ 700 ಜಿಬಿ ಖಾಲಿ ಬಿದ್ದಿದೆ. ಟ್ಯಾಲಿ ಡೇಟಾ ಡಿ ಯಲ್ಲೇ ಇದೆ. ಟೆಂಪ್, ರೀಸೈಕಲ್ ಬಿನ್ ಎಲ್ಲಾ ಖಾಲಿ ಮಾಡಿದ್ದಾಯ್ತು. ಮೆಕ್ಕೆಜೋಳದ ಸೀಸನ್ನು, ಒಂದು ದಿನವೂ ನಿಲ್ಲಿಸೋ ಹಾಗಿಲ್ಲ. ನೀವೆಲ್ಲ ಹೇಗೆ ಜಾಗ ಮಾಡಿಕೊಂಡ್ರಿ?

ಎಣ್ಣೆ ಮಿಲ್ಲು, ಚಳ್ಳಕೆರೆ
ವಿಂಡೋಸ್ ಫೋಲ್ಡರ್ ಒಳಗೆ ಇನ್‌ಸ್ಟಾಲರ್ ಅಂತ ಒಂದು ಅಡಗಿ ಕೂತಿರ್ತದೆ. ಅದನ್ನ ಮಾತ್ರ ಮುಟ್ಟಬೇಡಿ. ನಮ್ಮಲ್ಲಿ ಅದು 14 ಜಿಬಿ ತಿಂದಿತ್ತು. ಹಳೇ ಪ್ಯಾಚ್ ತಾನೆ ಅಂತ ನಮ್ಮ ಹುಡುಗ ಶಿಫ್ಟ್ ಡಿಲೀಟ್ ಹೊಡೆದ. ಮೂರು ತಿಂಗಳು ಏನೂ ಆಗಲಿಲ್ಲ. ಆಮೇಲೆ ಎಸ್‌ಕ್ಯೂಎಲ್ ಸರ್ವರಿಗೆ ಸರ್ವಿಸ್ ಪ್ಯಾಕ್ ಹಾಕೋಕೆ ಹೋದ್ರೆ, ಆ ಫೋಲ್ಡರ್ ಒಳಗಿದ್ದ ಯಾವುದೋ ಎಂಎಸ್‌ಐ ಫೈಲ್ (ಇನ್‌ಸ್ಟಾಲ್ ಮಾಡೋ ಫೈಲ್) ಎಲ್ಲೈತೆ ತೋರ್ಸು ಅಂತ ಕೇಳ್ತು. ಅದು ಇದ್ರೆ ತಾನೆ ತೋರ್ಸೋದು? ಹೊಸದು ಹಾಕೋಕೂ ಆಗಲಿಲ್ಲ, ಹಳೇದು ತೆಗೆಯೋಕೂ ಆಗಲಿಲ್ಲ. ಕೊನೆಗೆ ಇಡೀ ಸರ್ವರ್ ಮೊದಲಿಂದ ಕಟ್ಟಿಸಿದ್ದು. ಬೆಂಗಳೂರಿಂದ ಬಂದವರಿಗೆ ಎರಡು ದಿನಕ್ಕೆ 14,000, ಅವರ ಲಾಡ್ಜು, ಊಟ 2,600, ಎರಡು ದಿನದ ಕೈಬಿಲ್ಲು ಮತ್ತೆ ಏರಿಸೋಕೆ ಅಕೌಂಟೆಂಟ್‌ಗೆ 1,800. ಒಟ್ಟು 18,400. ಆ ಚೀಟಿ ಇವತ್ತಿಗೂ ಗಲ್ಲಾಪೆಟ್ಟಿಗೆ ಒಳಗೈತೆ.

ಪ್ರಿಂಟಿಂಗ್ ಪ್ರೆಸ್, ಚಿತ್ರದುರ್ಗ
ಅದು ನೀವು ಮಾಡಿಕೊಂಡ ತಪ್ಪು, ದಾರಿ ಬೇರೆ ಇತ್ತು. ನಾನು ವಿಂಡೋಸಿನದೇ ಡಿಸ್ಮ್ ಅನ್ನೋ ಕಮಾಂಡ್‌ನಲ್ಲೇ ಕೆಲಸ ಮುಗಿಸಿದೆ. ವಿಂಡೋಸ್ ತನ್ನ ಅಪ್‌ಡೇಟ್ ಫೈಲುಗಳನ್ನ ಇಟ್ಟುಕೊಳ್ಳೋ ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ 17 ಜಿಬಿ ಅಂತ ತೋರಿಸ್ತಿತ್ತು. ಅನಲೈಜ್ ಕೊಟ್ಟು ನೋಡಿದ್ರೆ ನಿಜವಾದದ್ದು 11. ಒಂದೇ ಫೈಲು ಎರಡು ಕಡೆ ಹೆಸರು ಬರೆಸಿಕೊಂಡಿರೋದ್ರಿಂದ ಎರಡು ಸಲ ಲೆಕ್ಕಕ್ಕೆ ಬರುತ್ತೆ. ಅದರಲ್ಲಿನ ಹಳೇ ಫೈಲು ತೆಗೆಯೋ ಸ್ಟಾರ್ಟ್‌ಕಾಂಪೊನೆಂಟ್‌ಕ್ಲೀನಪ್ ಕೊಟ್ಟು ರಾತ್ರಿ ಒಂಬತ್ತೂವರೆಗೆ ಕೂತೆ. 20 ಪರ್ಸೆಂಟಿಗೆ ಬಂದು ಒಂದು ಗಂಟೆ ಅಲ್ಲಾಡಲಿಲ್ಲ. ಮುಗಿದಾಗ ಹನ್ನೆರಡು ದಾಟಿತ್ತು, ಸಿಕ್ಕಿದ್ದು 4.5 ಜಿಬಿ. ಆಸೆ ಬಿಡಲಿಲ್ಲ, ಇನ್ನೂ ಆಳವಾಗಿ ತೆಗೆಯೋ ರೀಸೆಟ್‌ಬೇಸ್ ಕೂಡ ಕೊಟ್ಟೆ, ಇನ್ನೊಂದು ಜಿಬಿ ಬಂತು. ಆದರೆ ಹಿಂದಿನ ವಾರ ಹಾಕಿದ್ದ ಒಂದು ಅಪ್‌ಡೇಟ್‌ನಿಂದ ನೆಟ್‌ವರ್ಕ್ ಪ್ರಿಂಟರ್ ನಿಂತು ಹೋಗಿರೋದು ಬೆಳಗ್ಗೆ ಗೊತ್ತಾಯ್ತು. ರೀಸೆಟ್‌ಬೇಸ್ ಆದಮೇಲೆ ಆಗಲೇ ಹಾಕಿದ್ದ ಅಪ್‌ಡೇಟ್ ವಾಪಸ್ ತೆಗೆಯೋಕೆ ಬರಲ್ಲ. ಲಗ್ನಪತ್ರಿಕೆ ಸೀಸನ್ನಲ್ಲಿ ಹನ್ನೊಂದು ದಿನ ಪೆನ್‌ಡ್ರೈವ್ ಹಿಡಿದು ಓಡಾಡಿದ್ದೀವಿ.

ಎಣ್ಣೆ ಮಿಲ್ಲು, ಚಳ್ಳಕೆರೆ
ನನ್ನ ತಪ್ಪು ಅಂತೀರಿ, ನಿಮ್ದೇನು ಒಪ್ಪವಾಗಿ ಆಯ್ತಾ? 5 ಜಿಬಿಗೆ ಹನ್ನೊಂದು ದಿನ!

ಕಂಪ್ಯೂಟರ್ ಸರ್ವಿಸ್, ಹರಿಹರ
ಇಬ್ಬರೂ ಜಗಳ ಬಿಡ್ರಿ. ಚಳ್ಳಕೆರೆ ಸಾಹುಕಾರ್ರ, ಒಂದು ಮಾತು ಕೇಳ್ತೀನಿ. ಬೆಂಗಳೂರಿಂದ ಯಾಕ್ ಕರ್ಸಿದ್ರಿ? ಇಲ್ಲಿ ಮಾಡೋರು ಇಲ್ಲೇನು? ಒಂದು ಬಟ್ಟೆ ಅಂಗಡಿ ಸರ್ವರ್ ನಂಗ ಬಂದಿತ್ತು. ಯಾವ ಫೋಲ್ಡರ್ ಎಷ್ಟು ತಿಂದೈತಿ ತೋರಸೋ ಟ್ರೀಸೈಜ್ ಹಾಕಿದ್ರ 38 ಜಿಬಿ ತೋರಸ್ತದ, ಡ್ರೈವ್ ನೋಡಿದ್ರ 59 ತುಂಬೈತಿ. ಉಳಿದ 21 ಎಲ್ಲಿ ಹೋತು? ವಿಎಸ್‌ಎಸ್‌ಅಡ್ಮಿನ್ ಅನ್ನೋ ಕಮಾಂಡ್‌ನಾಗ ಲಿಸ್ಟ್ ಶ್ಯಾಡೋಸ್ಟೋರೇಜ್ ಕೊಟ್ಟೆ, ಸಿಸ್ಟಂ ವಾಲ್ಯೂಮ್ ಇನ್ಫರ್ಮೇಶನ್ ಒಳಗ ಶ್ಯಾಡೋ ಕಾಪಿಗಳು, ಅಂದ್ರ ವಿಂಡೋಸ್ ತೆಗೆದಿಟ್ಟ ಡ್ರೈವಿನ ಹಳೇ ನಕಲುಗಳು, ಕುಂತಿದ್ವು. ಮ್ಯಾಕ್ಸ್‌ಸೈಜ್ 5 ಜಿಬಿಗೆ ಇಳಿಸಿದೆ, ಹಳೇವು ತಾವೇ ಹೋದ್ವು. ಹತ್ತು ನಿಮಿಷದ ಕೆಲಸ. 600 ರೂಪಾಯಿ ತಗೊಂಡೆ, ಅದಕ್ಕೂ ಆ ಮಾಲೀಕರು ಚೌಕಾಶಿ ಮಾಡಿದ್ರು. ಮೊದಲು ಏನು ತಿಂದೈತಿ ನೋಡ್ರಿ, ಆಮ್ಯಾಲ ಅಳಸ್ರಿ.

ಎಣ್ಣೆ ಮಿಲ್ಲು, ಚಳ್ಳಕೆರೆ
ಇಲ್ಲಿಯವರನ್ನೇ ಮೊದಲು ಕರೆದಿದ್ದು ಸ್ವಾಮಿ. ನಾಳೆ ಬರ್ತೀನಿ ಅಂತ ನಾಲ್ಕು ದಿನ ಫೋನ್ ಎತ್ತಲಿಲ್ಲ.

ಮಂಡಕ್ಕಿ ವ್ಯಾಪಾರ, ದಾವಣಗೆರೆ
ಅಳಿಸೋದು, ಉಜ್ಜೋದು ಎಲ್ಲಾ ಆರು ತಿಂಗಳ ಮಾತು, ಮತ್ತೆ ತುಂಬುತ್ತೆ. ನಾನು ಎರಡು 480 ಜಿಬಿ ಎಸ್‌ಎಸ್‌ಡಿ ತಂದು ಮಿರರ್ ಮಾಡಿ (ಎರಡರಲ್ಲೂ ಒಂದೇ ಡೇಟಾ), ಹಳೇ ಡಿಸ್ಕನ್ನ ಹಾಗೇ ಅದಕ್ಕೆ ಕ್ಲೋನ್ ಮಾಡಿದೆ. ಡಿಸ್ಕ್ 14,800. ಕ್ಲೋನ್ ಸರಿಯಾಗೇ ಆಯ್ತು, ಆದರೆ ಸಿ ಹಿಗ್ಗಿಸೋ ಎಕ್ಸ್‌ಟೆಂಡ್ ವಾಲ್ಯೂಮ್ ಮಸುಕಾಗಿ ಕೂತಿದೆ, ಒತ್ತೋಕೇ ಆಗಲ್ಲ. ಸಿ ಪಕ್ಕದಲ್ಲಿ 450 ಎಂಬಿ ರಿಕವರಿ ಪಾರ್ಟಿಷನ್ (ಡಿಸ್ಕಿನ ಇನ್ನೊಂದು ಭಾಗ) ಅಡ್ಡ, ಖಾಲಿ ಜಾಗ ಅದರ ಆಚೆಗೆ. ಪಕ್ಕಕ್ಕೇ ಅಂಟಿಕೊಂಡ ಜಾಗ ಇಲ್ಲದಿದ್ರೆ ವಿಂಡೋಸ್ ಹಿಗ್ಗಿಸಲ್ಲ. ಅದನ್ನ ಸರಿಸೋ ಸಾಫ್ಟ್‌ವೇರಿನ ಸರ್ವರ್ ಲೈಸೆನ್ಸ್ 9,200. ಪಾರ್ಟಿಷನ್ ಸರೀತಾ ಇರುವಾಗಲೇ ಕರೆಂಟ್ ಹೋಯ್ತು. ಯುಪಿಎಸ್ ಹನ್ನೆರಡು ನಿಮಿಷದ್ದು. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡ್ಕೊಂಡು 71, 72 ಪರ್ಸೆಂಟ್ ಅಂತ ಎಣಿಸ್ತಾ ನಿಂತಿದ್ದೀನಿ, ಬನಿಯನ್ ಒದ್ದೆ. ಉಳೀತು. 24,000 ಹೋಯ್ತು, ಆದರೆ ಎರಡು ವರ್ಷದಿಂದ ಆ ಕಡೆ ತಿರುಗಿ ನೋಡಿಲ್ಲ.

ಪ್ರಿಂಟಿಂಗ್ ಪ್ರೆಸ್, ಚಿತ್ರದುರ್ಗ
2012 ಆರ್2 ಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಂತಿದ್ದೇ 2023ರ ಅಕ್ಟೋಬರ್ 10ಕ್ಕೆ. ಸತ್ತ ಎಮ್ಮೆಗೆ ಬೆಳ್ಳಿ ಗೆಜ್ಜೆ ಕಟ್ಟಿದ ಹಾಗಾಯ್ತು ನಿಮ್ಮ 24,000.

ಮಂಡಕ್ಕಿ ವ್ಯಾಪಾರ, ದಾವಣಗೆರೆ
ನಮ್ಮದು ಸರ್ವರ್ 2016, ಕೇಳಿ ಮಾತಾಡಿ. 2027ರ ಜನವರಿವರೆಗೂ ಇದೆ. ನನ್ನ ದುಡ್ಡು, ನನ್ನ ಎಮ್ಮೆ.

ದಲಾಲಿ ಅಂಗಡಿ, ದಾವಣಗೆರೆ ಎಪಿಎಂಸಿ
ಅಣ್ಣಾರೇ, ಈಗ ನೋಡಿದೆ. ಶ್ಯಾಡೋ ಕಾಪಿ ನಮ್ಮಲ್ಲಿ ಇಲ್ಲವೇ ಇಲ್ಲ. ರ್ಯಾಮ್ ಸಾಲದಾದಾಗ ವಿಂಡೋಸ್ ಬಳಸೋ ಪೇಜ್‌ಫೈಲ್ ಒಂದೇ 16 ಜಿಬಿ ಇದೆ. ಅದನ್ನ ಡಿ ಗೆ ಹಾಕಬಹುದಾ?

ಕಂಪ್ಯೂಟರ್ ಸರ್ವಿಸ್, ಹರಿಹರ
ಹಾಕ್ರಿ. ಸಿ ಯಾಗ 2 ಜಿಬಿ ಇಟ್ಟು ಉಳಿದಿದ್ದು ಡಿ ಗೆ. ರೀಸ್ಟಾರ್ಟ್ ಕೇಳ್ತದ, ಯಾರ್ಡ್ ಮುಚ್ಚಿದ ಮ್ಯಾಲ ಮಾಡ್ರಿ. ಮೊದಲು ಬ್ಯಾಕಪ್ ತಗೊಂಡು ಬೇರೆ ಡಿಸ್ಕಿಗೆ ಇಡ್ರಿ, ಅದೇ ಸರ್ವರಿನ ಡಿ ಗೆ ಅಲ್ಲ. ಮತ್ತ ಚಳ್ಳಕೆರೆಯವ್ರ, ಫೋನ್ ಎತ್ತದಿದ್ದವನು ನಾನಲ್ಲ. ಎಲ್ಲಾರನ್ನೂ ಒಂದೇ ತಕ್ಕಡಿಗೆ ಹಾಕಬ್ಯಾಡ್ರಿ.

ಎಣ್ಣೆ ಮಿಲ್ಲು, ಚಳ್ಳಕೆರೆ
ನಿಮ್ಮನ್ನ ಅಂದಿಲ್ಲ. ಆದ್ರೆ ಆ ನಾಲ್ಕು ದಿನ ಗೇಟಿನಾಗೆ ಶೇಂಗಾ ಲಾರಿ ನಿಂತಿದ್ದು ನಂದು. ಅದರ ವೇಟಿಂಗ್ ಚಾರ್ಜ್ ಆ 18,400ರಲ್ಲಿ ಸೇರಿಸೇ ಇಲ್ಲ.