ಹಾವಿಗೆ ಆಂಟಿಬಯೋಟಿಕ್ ಶುರುವಾಗಿದೆ, ಅನುಭವ ಇರೋರು ಹೇಳಿ

ಹೊಸಬುಟ್ಟಿ: ನನ್ನ ಬಾಲ್ ಪೈಥಾನ್‌ಗೆ ಉಸಿರಾಟದ ಸೋಂಕು, ತೂಕ 900 ಗ್ರಾಂ. ಬಾಯಂಚಲ್ಲಿ ನೊರೆಗುಳ್ಳೆ, ರಾತ್ರಿ ಸಿಳ್ಳೆ ಥರ ಸದ್ದು. ಸೆಫ್ಟಾಜಿಡೈಮ್ ಅನ್ನೋ ಆಂಟಿಬಯೋಟಿಕ್ ಇಂಜೆಕ್ಷನ್ ಬರೆದು 72 ಗಂಟೆಗೊಂದ್ಸಲ ಮನೇಲೇ ಹಾಕಿ ಅಂದಿದ್ದಾರೆ. ಎರಡು ಆಯ್ತು, ಏನೂ ಬದಲಾವಣೆ ಇಲ್ಲ. ಬೇರೆ ಔಷಧಿ ಕೇಳ್ಲಾ, ಕಾಯ್ಲಾ?

ಮೂರುಪೊರೆ: ಎರಡಕ್ಕೇ ಗಾಬರಿನಾ? ನಮ್ಮೋಳಿಗೆ ಹನ್ನೊಂದು ಹಾಕಿದ್ದೀನಿ. ಮೊದ್ಲು ಎನ್ರೋಫ್ಲಾಕ್ಸಾಸಿನ್ ಅಂತ ಬೇರೆ ಆಂಟಿಬಯೋಟಿಕ್ ಕೊಟ್ಟಿದ್ರು, ಅದು ಉರಿ ಅಂದ್ರೆ ಉರಿ, ಸೂಜಿ ಒಳಗೆ ಹೋಗ್ತಿದ್ದಂಗೇ ಕೈಯಲ್ಲೇ ಹಗ್ಗ ಹೊಸೆದಂಗೆ ತಿರುಚ್ಕೊಂಡ್ಲು, ನಾಲ್ಕನೇದು ಹಾಕೋ ಹೊತ್ತಿಗೆ ಮೊದಲನೇ ಜಾಗ ಕಪ್ಪಾಗಿ ಚರ್ಮ ಸತ್ತು ಎದ್ದು ಬಂತು. ಆಮೇಲೆ ಮೂರು ಸಲ ಪೊರೆ ಬಿಟ್ಟಿದ್ದಾಳೆ, ಕಲೆ ಮಾತ್ರ ಹಂಗೇ ಇದೆ. ಸೆಫ್ಟಾಜಿಡೈಮ್‌ಗೆ ಬಂದ್ಮೇಲೆ ಕಿಲೋಗೆ 20 ಮಿಲಿಗ್ರಾಂ ಲೆಕ್ಕ, ಆದ್ರೆ ಊಟ ಬಿಟ್ಟು 1420 ಗ್ರಾಂ ಇದ್ದೋಳು 1180ಕ್ಕೆ ಇಳಿದಿದ್ಲು, ಹಂಗಾಗಿ ಪ್ರತಿ ಸಲ ತೂಗಿ, ಫೋನ್ ಮಾಡಿ, ಡೋಸ್ ಕೇಳಿ ಹಾಕಿದ್ದು. ಸದ್ದು ನಿಂತಿದ್ದು ಐದನೇದಾದ್ಮೇಲೆ. ಔಷಧಿ ತುಂಬಿಟ್ಟ ಸಿರಿಂಜ್‌ಗಳೆಲ್ಲ ಕೆಡದಂಗೆ ಫ್ರೀಜರಲ್ಲಿ, ಮನೆಯವ್ರ ಹತ್ರ ದಿನಾ ಬೈಗುಳ ಬೇರೆ.

ಚಿಪ್ಪಿನಮನೆ: ಎನ್ರೋಗೆ ಯಾಕ್ರೀ ಬೈತೀರ, ಸೂಜಿ ಬಿಟ್ಟು ಬಾಯಿಗೆ ಕೊಡಬಹುದಿತ್ತಲ್ಲ. ನಮ್ಮ ಆಮೆ ಕಥೆ ಕೇಳಿ. ಕಿವಿ ಹತ್ರ ಗಂಟು. ಮೊದಲು ನೋಡಿದ ಡಾಕ್ಟರು ಬರೀ ಆಂಟಿಬಯೋಟಿಕ್ ಬರೆದ್ರು, ಮೂರು ವಾರ ದಿನಾ ಅದರ ಬಾಯಿ ತೆಗೆಸೋಕೆ ಅರ್ಧ ಗಂಟೆ, ನನ್ನ ಬೆರಳು ಎರಡು ಸಲ ಕಚ್ಚಿಸ್ಕೊಂಡೆ, ಗಂಟು ಒಂದು ಕೂದಲೆಳೆಯಷ್ಟೂ ಇಳೀಲಿಲ್ಲ. ಎರಡನೇವ್ರು ಕೊಯ್ದು ತೆಗೆದ್ರು, ಕೀವು ಸುರಿಯುತ್ತೆ ಅಂತ ಬಟ್ಟೆ ಹಿಡ್ಕೊಂಡು ನಿಂತಿದ್ರೆ ಒಳಗಿಂದ ಮೇಣದುಂಡೆ ಥರ ಗಟ್ಟಿ ಗಡ್ಡೆ ಬಂತು! ಇವುಗಳ ಕೀವು ಹಂಗೇ ಅಂತೆ, ಕರಗಲ್ಲ, ಔಷಧಿ ಅದರೊಳಗೆ ಇಳಿಯೋದೂ ಇಲ್ಲ. ಮೂಲ ಕಾರಣ ವಿಟಮಿನ್ ಎ ಕೊರತೆ, ನಾನು ಬರೀ ಒಣ ಸೀಗಡಿ ಹಾಕ್ತಿದ್ದೆ. ಅದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಮೂರುಪೊರೆ: ಮೇಡಂ, ಅವ್ರು ಕೇಳಿರೋದು ಹಾವಿಂದು.

ಚಿಪ್ಪಿನಮನೆ: ನೀವು ಹೇಳಿದ್ದೂ ನಿಮ್ಮ ಹಾವಿಂದೇ ಅಲ್ವಾ, ಅವರದ್ದಲ್ಲವಲ್ಲ.

ಸ್ವಂತಮದ್ದು: ಇಷ್ಟೆಲ್ಲ ರಾಮಾಯಣ ಯಾಕೆ ಗುರು. ನನ್ನ ಬಿಯರ್ಡೆಡ್ ಡ್ರ್ಯಾಗನ್‌ಗೆ (ಸಾಕೋ ಓತಿ ಜಾತಿ) ಕೋಳಿಗೆ ಹಾಕೋ ಔಷಧಿ ಉಳಿದಿತ್ತು, ನೀರಿಗೆ ಬೆರೆಸಿಟ್ಟೆ, ವಾರದಲ್ಲಿ ಸರಿಹೋಯ್ತು. ಒಂದು ಪೈಸೆ ಖರ್ಚಿಲ್ಲ.

ಮೂರುಪೊರೆ: ಅದು ನೀರು ಎಷ್ಟು ಕುಡೀತು ಅಂತ ಅಳೆದ್ರಾ? ಕಾಲು ಡೋಸ್ ಕೊಟ್ಟು ಬ್ಯಾಕ್ಟೀರಿಯಾಗೆ ಟ್ರೈನಿಂಗ್ ಕೊಡ್ತಿದ್ದೀರ ಅಷ್ಟೇ. ನಿಮ್ಮಂಥೋರಿಂದ್ಲೇ ಯಾವ ಔಷಧೀನೂ ನಾಟದಂಗೆ ಆಗ್ತಿರೋದು.

ಸ್ವಂತಮದ್ದು: ನನ್ನದು ಬದುಕಿದೆ, ಮೈಮೇಲೆ ಕಲೆಯೂ ಇಲ್ಲ. ನಿಮ್ಮದು ನೋಡ್ಕೊಳ್ಳಿ.

ಖಾಲಿಗೂಡು: ಜಗಳ ಆಮೇಲೆ ಆಡಿ. ನಾನು ನನ್ನ ಹಾವು ಕಳ್ಕೊಂಡಿದ್ದೀನಿ. ಸೆಫ್ಟಾಜಿಡೈಮ್ ಒಂದು ಕೋರ್ಸ್, ವಾಸಿ ಅನ್ನಿಸ್ತು, ಎರಡು ವಾರಕ್ಕೆ ಮತ್ತೆ ಬಾಯಿ ತೆರೆದು ಉಸಿರಾಡೋಕೆ ಶುರು. ಆಮೇಲೆ ಅಮಿಕಾಸಿನ್ ಅನ್ನೋ ಇನ್ನೊಂದು ಆಂಟಿಬಯೋಟಿಕ್, ಅದು ಕಿಡ್ನಿಗೆ ಹೊಡೆಯುತ್ತೆ, ಮೈಯಲ್ಲಿ ನೀರಿನಂಶ ಚೆನ್ನಾಗಿರಬೇಕು ಅಂತ ಗೊತ್ತಿದ್ರೂ ನಾನು ಸರಿಯಾಗಿ ನೋಡ್ಕೊಳ್ಲಿಲ್ಲ. ಕಡೆಗೆ ಬಾಯಿಂದ ಸ್ವಾಬ್ ತೆಗೆದು ಪಿಸಿಆರ್ (ವೈರಸ್ ಪತ್ತೆ ಟೆಸ್ಟ್) ಮಾಡಿಸಿದ್ರೆ ಸರ್ಪೆಂಟೋವೈರಸ್, ಹಾವಿನ ಉಸಿರಾಟಕ್ಕೇ ಬರೋ ವೈರಸ್, ಆಂಟಿಬಯೋಟಿಕ್ ಅದಕ್ಕೆ ನಾಟಲ್ಲ. ನಾಲ್ಕು ತಿಂಗಳು ಬ್ಯಾಕ್ಟೀರಿಯಾ ಕೊಲ್ತಾ ಕೂತಿದ್ದೆ ನಾನು. ಕಲ್ಚರ್ (ಯಾವ ಬ್ಯಾಕ್ಟೀರಿಯಾ ಅಂತ ಬೆಳೆಸಿ ನೋಡೋದು), ಪಿಸಿಆರ್ ಎರಡೂ ಮೊದಲೇ ಮಾಡಿಸಿದ್ರೆ ಅಷ್ಟು ಸೂಜಿ ಚುಚ್ಚೋದಾದ್ರೂ ತಪ್ತಿತ್ತು.

ಚಿಪ್ಪಿನಮನೆ: ಅಯ್ಯೋ ಪಾಪ. ಅಲ್ಲಾ, ಗೂಡಲ್ಲಿ ಬಿಸಿ ಎಷ್ಟಿದೆ ಅಂತ ಒಬ್ರೂ ಕೇಳ್ಲಿಲ್ವಲ್ಲ. ಮೈ ತಣ್ಣಗಿದ್ರೆ ಅದರ ರೋಗನಿರೋಧಕ ಶಕ್ತಿನೇ ಮಲಗಿರುತ್ತೆ, ಔಷಧಿ ಒಂದೇ ಏನ್ ಮಾಡುತ್ತೆ.

ಹೊಸಬುಟ್ಟಿ: ಈಗ ನೋಡಿ ಬಂದೆ. ಗಾಜಿಗೆ ಅಂಟಿಸಿರೋ ಡಯಲ್ ಬಿಸಿ ಕಡೆ 32 ತೋರಿಸ್ತಿದೆ, ನೆಲಕ್ಕೆ ಪ್ರೋಬ್ ಇಟ್ರೆ 27 ಡಿಗ್ರಿ. ಹೀಟ್ ಮ್ಯಾಟ್ ಅರ್ಧ ಸತ್ತಿದೆ. ನಾಳೆ ಮೂರನೇ ಇಂಜೆಕ್ಷನ್, ಡಾಕ್ಟರಿಗೂ ಇದನ್ನ ಹೇಳ್ತೀನಿ, ಪಿಸಿಆರ್ ಬಗ್ಗೆನೂ ಕೇಳ್ತೀನಿ.

ಸ್ವಂತಮದ್ದು: ನೋಡಿ, ಔಷಧೀಲಿ ಏನೂ ಇಲ್ಲ ಅಂತ ನಾನು ಮೊದ್ಲೇ ಅಂದಿದ್ದೆ.

ಮೂರುಪೊರೆ: ಎಲ್ಲಿ ಅಂದ್ರಿ ಸ್ವಾಮಿ? ನೀವಂದಿದ್ದು ಕೋಳಿ ಔಷಧಿ.