ಸ್ಟುಟ್‌ಗಾರ್ಟ್‌ನಲ್ಲಿ ಮನೆ: ಹೋಗುವ ಮೊದಲೇ ದುಡ್ಡು ಕಳಿಸಲಾ?

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ನಮಸ್ಕಾರ. ಫೆಬ್ರವರಿ 1ಕ್ಕೆ ಜರ್ಮನಿಯ ಸ್ಟುಟ್‌ಗಾರ್ಟ್‌ನ ಫಾಯರ್‌ಬಾಖ್ ಬಡಾವಣೆಯಲ್ಲಿ ಕೆಲಸಕ್ಕೆ ಸೇರಬೇಕು. ವೀಸಾ ಕೈಗೆ ಬಂದಿದೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗಳು ಜೊತೆಗೇ ಬರುತ್ತಾರೆ. ಕಂಪನಿಯವರು ಎರಡು ವಾರ ಹೋಟೆಲ್ ಕೊಡುತ್ತಾರೆ. ಆಮೇಲೆ ನಮ್ಮ ಪಾಡು ನಮಗೆ.

ಒಂದು ತಿಂಗಳಿಂದ ರಾತ್ರಿ ಊಟ ಮುಗಿಸಿ ಇದೇ ಕೆಲಸ. ಅರವತ್ತಕ್ಕೂ ಜಾಸ್ತಿ ಮನೆಗಳಿಗೆ ಬರೆದೆ. ನಾಲ್ಕು ಜನ ಉತ್ತರ ಕೊಟ್ಟರು. ಮೂವರು "ಬಂದು ನೋಡಿ, ಆಮೇಲೆ ಮಾತು" ಅಂದರು. ನಾಲ್ಕನೆಯವರದು ಸ್ಟುಟ್‌ಗಾರ್ಟ್ ವೆಸ್ಟ್‌ನಲ್ಲಿ 78 ಚದರ ಮೀಟರ್ ಮನೆ. ಮೂರು ರೂಮು, ಸೋಫಾ, ಮಂಚ, ವಾಷಿಂಗ್ ಮಷೀನ್ ಎಲ್ಲಾ ಇದೆ. ಹೀಟಿಂಗ್ ಸೇರಿ ತಿಂಗಳಿಗೆ 750 ಯೂರೋ. ಓನರ್ ಬೇರೆ ದೇಶದಲ್ಲಿ ಕೆಲಸದಲ್ಲಿದ್ದಾರಂತೆ, ಅದಕ್ಕೆ ಮನೆ ತೋರಿಸೋಕೆ ಯಾರೂ ಇಲ್ಲ. ಎರಡು ತಿಂಗಳ ಡಿಪಾಸಿಟ್, ಒಂದು ತಿಂಗಳ ಬಾಡಿಗೆ, ಒಟ್ಟು 2,250 ಯೂರೋ ಹಾಕಿದರೆ ಕೀ ಕೊರಿಯರ್ ಮಾಡುತ್ತಾರಂತೆ. ತಮ್ಮ ಪಾಸ್‌ಪೋರ್ಟ್ ಫೋಟೋನೂ ಕಳಿಸಿದ್ದಾರೆ. ಶುಕ್ರವಾರದೊಳಗೆ ಹೇಳಿ, ಇನ್ನೊಂದು ಫ್ಯಾಮಿಲಿ ಕಾಯ್ತಿದೆ ಅಂದಿದ್ದಾರೆ.

ನನಗೂ ಅನುಮಾನ ಇಲ್ಲದೇ ಇಲ್ಲ. ಆದರೆ ಅತ್ತೆ ದಿನಾ ಫೋನ್ ಮಾಡಿ "ಆ ಚಳಿಯಲ್ಲಿ ಮಗು ಕಟ್ಟಿಕೊಂಡು ಇಳಿಯೋದೆಲ್ಲಿ?" ಅಂತ ಕೇಳುತ್ತಾರೆ. ನನ್ನ ಹತ್ತಿರ ಉತ್ತರ ಇಲ್ಲ. ಮನೆಯ ಫೋಟೋಗಳನ್ನು ಕೆಳಗೆ ಹಾಕಿದ್ದೇನೆ. ಗೊತ್ತಿರುವವರು ನೋಡಿ ಹೇಳಿ.

ಹಾಸನ_ಟು_ಲಿಯೋನ್‌ಬರ್ಗ್

ಹಾಕಬೇಡಿ. ಒಂದು ಯೂರೋನೂ ಹಾಕಬೇಡಿ.

ಅಡುಗೆಮನೆ ಫೋಟೋ ದೊಡ್ಡದು ಮಾಡಿ ನೋಡಿ ಸರ್. ಕೆಟಲ್ ಹಿಂದೆ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಕಾಣುತ್ತೆ ಅಲ್ವಾ? ಮೂರು ಚೌಕ ತೂತು, ಪಕ್ಕದಲ್ಲಿ ಪುಟ್ಟ ಸ್ವಿಚ್ಚು. ಜರ್ಮನಿಯ ಪ್ಲಗ್ ಪಾಯಿಂಟ್ ದುಂಡಗೆ, ಬಟ್ಟಲಿನ ಹಾಗೆ ಗೋಡೆಯೊಳಗೆ ತಗ್ಗಿರುತ್ತದೆ. ಎರಡೇ ತೂತು. ಪಕ್ಕದಲ್ಲಿ ಸ್ವಿಚ್ ಇರೋದಿಲ್ಲ. ನಿಮ್ಮ ಫೋಟೋದಲ್ಲಿರುವುದು ಇಂಗ್ಲೆಂಡ್ ಕಡೆಯದು. ಯಾರದೋ ಮನೆಯ ಫೋಟೋ ಎತ್ತಿ ಸ್ಟುಟ್‌ಗಾರ್ಟ್ ಅಂತ ಬರೆದಿದ್ದಾರೆ. ಪಾಸ್‌ಪೋರ್ಟೂ ಅಷ್ಟೇ, ನಿಮ್ಮ ಹಾಗೆ ಮೋಸ ಹೋದ ಯಾರದೋ ಇರಬೇಕು. ನಿಮ್ಮದನ್ನು ಕಳಿಸಿಲ್ಲ ತಾನೇ?

ಇಷ್ಟು ಖಾತ್ರಿಯಾಗಿ ಹೇಳುತ್ತಿರುವುದು ನಾನೂ ಹೋದ ದಾರಿ ಅಂತ. 2018ರಲ್ಲಿ ಬೆಂಗಳೂರಿನಲ್ಲಿ ಕೂತು 900 ಯೂರೋ ಹಾಕಿದ್ದೆ. ಬಂದಿಳಿದದ್ದು ಭಾನುವಾರ. ಎರಡು ಸೂಟ್‌ಕೇಸ್, ಅಮ್ಮ ಕಟ್ಟಿದ ಚಟ್ನಿಪುಡಿ ಡಬ್ಬ, ಕೈಯಲ್ಲಿ ಅಡ್ರೆಸ್ ಚೀಟಿ. ರಸ್ತೆ ಇತ್ತು. ಆ ನಂಬರಿನ ಕಟ್ಟಡವೂ ಇತ್ತು. ನನ್ನ ಮನೆ ಮೂರನೇ ಮಹಡಿ ಅಂತ ಅಗ್ರಿಮೆಂಟಿನಲ್ಲಿತ್ತು. ಕತ್ತೆತ್ತಿ ಎಣಿಸಿದೆ. ಕಟ್ಟಡಕ್ಕೆ ಇದ್ದದ್ದೇ ಎರಡು ಮಹಡಿ. ಇನ್ನೊಂದು ಸಲ ಎಣಿಸಿದೆ, ಎಣಿಸಿದರೆ ಜಾಸ್ತಿ ಆಗುತ್ತೇನೋ ಅನ್ನೋ ಹಾಗೆ. ಕೆಳಗಿನ ಅಜ್ಜಿ ಕಿಟಕಿ ತೆಗೆದು ಏನೋ ಕೇಳಿದರು. ನನಗೆ ಭಾಷೆ ಬರದು. ಚೀಟಿ ತೋರಿಸಿದೆ. ಅವರು ತಲೆ ಅಲ್ಲಾಡಿಸಿದ ರೀತಿಯಲ್ಲೇ ಅರ್ಥ ಆಯಿತು. ಪೊಲೀಸ್ ಕಂಪ್ಲೇಂಟ್ ಕೊಟ್ಟೆ. ದುಡ್ಡು ಮಾತ್ರ ಬರಲಿಲ್ಲ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ಈಗ ಕೆಲಸಕ್ಕೆ ಬರುವ ಮಾತು. ನೀವು ಅಲ್ಲಿಂದ ಹುಡುಕಬೇಕಾದದ್ದು ಮನೆಯಲ್ಲ, ಎರಡು ಮೂರು ತಿಂಗಳಿಗೆ ಒಂದು ಅಡ್ರೆಸ್. ಇಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ಆಫೀಸಿನಲ್ಲಿ ಹೆಸರು ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ಒಂದು ಚೀಟಿ ಬೇಕು. ಹೆಸರು ಉದ್ದ: ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ (Wohnungsgeberbestätigung). ಹೇಳೋಕೆ ಬರದಿದ್ದರೂ ಪರವಾಗಿಲ್ಲ, ಕಾಪಿ ಮಾಡಿ ಮೇಲ್‌ನಲ್ಲಿ ಹಾಕಿ. "ಇದನ್ನು ಕೊಡುತ್ತೀರಾ?" ಅನ್ನೋದೇ ನಿಮ್ಮ ಮೊದಲ ಪ್ರಶ್ನೆ ಆಗಿರಲಿ. ಇಲ್ಲ ಅಂದರೆ ಎಷ್ಟೇ ಚೆನ್ನಾಗಿರಲಿ, ಬಿಡಿ. ಆನ್‌ಮೆಲ್ಡುಂಗ್ ಆದಮೇಲೇ ಟ್ಯಾಕ್ಸ್ ನಂಬರ್ ಪೋಸ್ಟಿನಲ್ಲಿ ಬರೋದು. ಅದು ತಡವಾದರೆ ಮೊದಲ ಸಂಬಳದಲ್ಲಿ ಜಾಸ್ತಿ ಟ್ಯಾಕ್ಸ್ ಹಿಡಿಯುವುದೂ ಉಂಟು. ಆಮೇಲೆ ಸರಿಹೋಗುತ್ತೆ, ಆದರೆ ಕೈ ಕಚ್ಚುವುದು ಆಗಲೇ ಅಲ್ವಾ?

ಇನ್ನೊಂದು, ಇದನ್ನು ಯಾರೂ ಹೇಳೋದಿಲ್ಲ. ಇಲ್ಲಿ ಫ್ಲ್ಯಾಟ್‌ಗಳಿಗೆ ಸಾಮಾನ್ಯವಾಗಿ ನಂಬರ್ ಇರೋದಿಲ್ಲ. ಪೋಸ್ಟಿನವರು ಡಬ್ಬಿಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ಹೆಸರಿಲ್ಲದಿದ್ದರೆ ಕಾಗದ ವಾಪಸ್. ಹೋದ ದಿನವೇ ಒಂದು ಚೀಟಿಯಲ್ಲಿ ಹೆಸರು ಬರೆದು ಟೇಪ್ ಹಾಕಿ ಅಂಟಿಸಿ.

ಫರ್ನಿಚರ್ ಇಲ್ಲದ ಮನೆ ಅಂದರೆ ಇಲ್ಲಿ ನಿಜವಾಗಿಯೂ ಏನೂ ಇರೋದಿಲ್ಲ. ನನ್ನ ಮೊದಲ ಸ್ವಂತ ಬಾಡಿಗೆ ಮನೆಯಲ್ಲಿ ಬಲ್ಬಿನ ಜಾಗದಲ್ಲಿ ವೈರ್ ನೇತಾಡುತ್ತಿತ್ತು. ಅಡುಗೆಮನೆಯಲ್ಲಿ ಗೋಡೆಯಿಂದ ಎರಡು ಪೈಪ್ ಹೊರಗೆ ಬಂದಿದ್ದವು. ಸಿಂಕ್ ಇಲ್ಲ, ಒಲೆ ಇಲ್ಲ, ಕಪಾಟೂ ಇಲ್ಲ. ಹಳಬರು ಹೋಗುವಾಗ ಅಡುಗೆಮನೆಯನ್ನೇ ಬಿಚ್ಚಿಕೊಂಡು ಹೋಗಿದ್ದರು! ಐದು ವಾರ ಬಾತ್‌ರೂಮಿನ ಬೇಸಿನ್ನಿನಲ್ಲಿ ಅಕ್ಕಿ ತೊಳೆದಿದ್ದೇನೆ. ಅದಕ್ಕೆ ಜಾಹೀರಾತಿನಲ್ಲಿ "ಐನ್‌ಬೌಕ್ಯೂಖೆ" (Einbauküche) ಅಂತ ಇದೆಯಾ ನೋಡಿ. ಇದ್ದರೆ ಅಡುಗೆಮನೆ ಇದೆ ಅಂತ ಅರ್ಥ.

ಮಲೆನಾಡ_ಮಳೆ

ಮೇಲಿನವರು ಹೇಳಿದ್ದು ಬಹುಪಾಲು ಸರಿ. ಆದರೆ ಅಲ್ಲಿಂದಲೇ ಮನೆ ಹಿಡಿಯೋಕೆ ಆಗುವುದೇ ಇಲ್ಲ ಅಂತೇನಿಲ್ಲ. ನಾವು ಹಿಡಿದಿದ್ದೆವು. ಯಜಮಾನರ ಆಫೀಸಿನ ಒಬ್ಬರು ಶನಿವಾರ ಹೋಗಿ, ನಲ್ಲಿ ತಿರುಗಿಸಿ, ಹೀಟರ್ ಮುಟ್ಟಿ, ವಿಡಿಯೋ ಕಾಲ್‌ನಲ್ಲಿ ಬಾಲ್ಕನಿ ತನಕ ತೋರಿಸಿದರು. ಓನರ್ ಪಕ್ಕದಲ್ಲೇ ನಿಂತಿದ್ದರು. ನಿಮ್ಮ ಟೀಮಿನವರನ್ನು ಕೇಳಿ, ಸಂಕೋಚ ಬೇಡ. ನೀವು "ನನ್ನ ಪರವಾಗಿ ಸ್ನೇಹಿತರು ಬರುತ್ತಾರೆ" ಅಂದರೆ ನಿಜವಾದ ಓನರ್ ಬೇಡ ಅನ್ನೋದಿಲ್ಲ.

ಡಿಪಾಸಿಟ್ ವಿಷಯ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿಯ ಕಾನೂನು ಖುಷಿ ಕೊಡುತ್ತೆ. ಕಾಲ್ಟ್‌ಮೀಟೆ ಅಂದರೆ ಹೀಟಿಂಗ್, ನೀರು ಇತ್ಯಾದಿ ಸೇರದ ಬಾಡಿಗೆ. ಅದರ ಮೂರು ತಿಂಗಳಷ್ಟಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕಟ್ಟುವ ಹಕ್ಕಿದೆ, ಮೊದಲ ಕಂತು ಬಾಡಿಗೆ ಶುರುವಾದಾಗ. ಕೀ ಕೈಗೆ ಬರುವ ಮುಂಚೆ ಪೂರ್ತಿ ಹಾಕಿ ಅನ್ನುವವರ ಹತ್ತಿರ ಎಚ್ಚರ. ಬ್ರೋಕರ್ ಫೀಸೂ ಅಷ್ಟೇ. 2015ರಿಂದ ಬ್ರೋಕರನ್ನು ಕರೆಸಿದವರೇ ಕೊಡಬೇಕು, ಸಾಮಾನ್ಯವಾಗಿ ಅದು ಓನರ್.

ತಾತ್ಕಾಲಿಕ ಮನೆ ಅಂತ ಎಲ್ಲೋ ದೂರ ಹೋಗಬೇಡಿ. ಮಗಳಿಗೆ ಕೀಟಾ, ಅಂದರೆ ಬಾಲವಾಡಿ ಸೀಟು, ಸಾಮಾನ್ಯವಾಗಿ ನೀವು ವಾಸವಿರುವ ಊರಿನಲ್ಲೇ ಸಿಗೋದು. ಊರು ಬದಲಾಯಿಸಿದರೆ ಮತ್ತೆ ಸಾಲಿನ ಕೊನೆಗೆ. ನಾವು ಇದೇ ತಪ್ಪು ಮಾಡಿ ಏಳು ತಿಂಗಳು ಮಗನನ್ನು ಮನೆಯಲ್ಲೇ ಇಟ್ಟುಕೊಂಡೆವು.

ಎರಡು ತಿಂಗಳು ನೀವೊಬ್ಬರೇ ಬಂದು, ಮನೆ ಹಿಡಿದು, ಆಮೇಲೆ ಅವರನ್ನು ಕರೆಸಿಕೊಂಡರೆ ಆಗದಾ? ಅತ್ತೆಗೂ ಸಮಾಧಾನ.

ಗಾಂಧಿಬಜಾರ್

ಸ್ಟುಟ್‌ಗಾರ್ಟ್ ವೆಸ್ಟ್ ಯಾಕೆ ಗುರು? ಗುಡ್ಡ, ಪಾರ್ಕಿಂಗ್ ಇಲ್ಲ, ಬಾಡಿಗೆ ಆಕಾಶಕ್ಕೆ. ಫಾಯರ್‌ಬಾಖ್‌ಗೆ ಪಕ್ಕದ ಊರು ಲಿಯೋನ್‌ಬರ್ಗ್‌ನಿಂದ ಎಸ್6 ಲೋಕಲ್ ರೈಲು ನೇರ ಹೋಗುತ್ತೆ, ಲುಡ್ವಿಗ್ಸ್‌ಬುರ್ಗ್‌ನಿಂದ ಎಸ್4, ಎಸ್5. ಅರ್ಧ ಗಂಟೆಯೂ ಬೇಡ.

ಮತ್ತೆ ಕೇರ್‌ವೋಖೆ ಬಗ್ಗೆ ಯಾರೂ ಹೇಳಲಿಲ್ವಾ? ಸ್ವಾಬಿಯಾದ ಕಡೆ, ಅಂದರೆ ಸ್ಟುಟ್‌ಗಾರ್ಟ್ ಸುತ್ತಮುತ್ತ, ಮೆಟ್ಟಿಲು, ಬಾಗಿಲ ಮುಂದಿನ ಜಾಗ ಗುಡಿಸುವ ಪಾಳಿ. ನಿಮ್ಮ ವಾರ ಬಂದಾಗ ಬಾಗಿಲಿಗೆ ಒಂದು ಬೋರ್ಡ್ ನೇತುಬೀಳುತ್ತೆ. ಗುಡಿಸಿದರೆ ಸಾಲದು, ಗುಡಿಸಿದ್ದು ಪಕ್ಕದ ಮನೆಯವರಿಗೆ ಕಾಣಬೇಕು.

ದಾವಣಗೆರೆ_ಬೆಣ್ಣೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಸ್‌ಪೋರ್ಟ್ ಕಳಿಸಿರಲಿಲ್ಲ, ದೇವರು ದೊಡ್ಡವನು. ನಾನು ಸೇರಬೇಕಾದ ಟೀಮಿನ ಒಬ್ಬರು ಶನಿವಾರ ಹೋಗಿ ನೋಡುತ್ತೇನೆ ಅಂದರು. ಅದನ್ನೇ "ಓನರ್"ಗೆ ಬರೆದೆ. ನನ್ನ ಮೇಲೆ ನಂಬಿಕೆ ಇಲ್ಲದವರಿಗೆ ಮನೆ ಕೊಡಲ್ಲ ಅಂತ ಸಿಟ್ಟಿನ ಉತ್ತರ ಬಂತು. ಇವತ್ತು ಬೆಳಿಗ್ಗೆ ನೋಡಿದರೆ ಜಾಹೀರಾತೇ ಇಲ್ಲ. ಎರಡು ಲಕ್ಷಕ್ಕೂ ಜಾಸ್ತಿ ಉಳೀತು. ಹೆಂಡತಿ ಆ ಪ್ಲಗ್ಗಿನ ಫೋಟೋವನ್ನು ಮನೆಯವರ ಗ್ರೂಪಿಗೆ ಹಾಕಿದ್ದಾಳೆ.

ನಾನೊಬ್ಬನೇ ಮೊದಲು ಬರುವುದು ಅಂತ ಆಯಿತು. ಲುಡ್ವಿಗ್ಸ್‌ಬುರ್ಗ್‌ನಲ್ಲಿ ಮೂರು ತಿಂಗಳಿಗೆ ಒಂದು ರೂಮು ಸಿಕ್ಕಿದೆ. ಬಾಡಿಗೆ ಜಾಸ್ತಿನೇ, ಆದರೆ ಆ ಉದ್ದದ ಚೀಟಿ ಕೊಡುತ್ತೇವೆ ಅಂತ ಬರೆದುಕೊಟ್ಟಿದ್ದಾರೆ. ಟೀಮಿನವರು ಹೋಗಿ ನೋಡಿಯೂ ಬಂದರು.

ಕೊನೆಗೊಂದು: ಕುಕ್ಕರ್ ತರಬೇಕಾ, ಅಲ್ಲೇ ಸಿಗುತ್ತಾ?

ಹಾಸನ_ಟು_ಲಿಯೋನ್‌ಬರ್ಗ್

ತನ್ನಿ. ಇಲ್ಲಿ ಗ್ಯಾಸ್ ಒಲೆ ಕಡಿಮೆ, ಇಂಡಕ್ಷನ್ ತಳ ಇರೋದೇ ತನ್ನಿ. ಗ್ಯಾಸ್ಕೆಟ್ ಎರಡು ಜಾಸ್ತಿ ಇಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಮಾತ್ರ ಸೀಟಿ ಹೊಡೆಸಬೇಡಿ.